ಹಳೆಯ ವಿಮಾಪತ್ರ, ಕೆಟ್ಟ ನೆಲ

ಹೊಯ್ಸಳ ನಾಡಿನವರಾದ ನಮಗೆ ಹಳೆಯ ಬರಹದ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಜಾವಗಲ್ಲು, ಬೇಲೂರು, ಹಳೇಬೀಡು, ಅರಸೀಕೆರೆಗಳ ಸುತ್ತಮುತ್ತ ನಿಂತಿರುವ ಎಷ್ಟೋ ಶಾಸನಗಳ ತಿರುಳು ಒಂದು ಕರಾರು: ಇಂಥ ಗದ್ದೆ, ಇಂಥ ಎಲ್ಲೆ, ಇದರ ಆದಾಯ ಇಂಥ ದೇವರಿಗೆ ಸಲ್ಲತಕ್ಕದ್ದು. ಕೊಟ್ಟವನು ಅಳಿದರೂ ಕೊಟ್ಟ ಮಾತು ಅಳಿಯಬಾರದೆಂದೇ ಅದನ್ನು ಕಲ್ಲಿಗೆ ಹಾಕಿದರು. ಕಾರಖಾನೆಗಳ ಯುಗದಲ್ಲಿಯೂ ಬಹುಕಾಲ ಮಾತು ಉಳಿಸಿಕೊಳ್ಳುವ ಒಂದು ಕಾಗದವುಂಟು. ಅದೇ ಹೊಣೆಗಾರಿಕೆಯ ವಿಮಾಪತ್ರ.

ಜೀವವಿಮೆ, ಬೆಂಕಿವಿಮೆಗಳನ್ನು ನಾವೆಲ್ಲ ಬಲ್ಲೆವು. ಮನೆ ಸುಟ್ಟರೆ ಮನೆಯವನಿಗೆ ಹಣ ಬರುವುದು. ಹೊಣೆಗಾರಿಕೆಯ ವಿಮೆ ಹಾಗಲ್ಲ. ಕಾರಖಾನೆಯಿಂದ ನೆರೆಯವನ ಬಾವಿ ಕೆಟ್ಟು, ಮಾಲೀಕನು ಪರಿಹಾರ ತೆರಬೇಕಾಗಿ ಬಂದಾಗ, ಅವನ ಪರವಾಗಿ ವಿಮಾ ಸಂಸ್ಥೆ ತೆರುವುದು. ಇದರಲ್ಲಿ ಸೋಜಿಗದ ಅಂಶವೊಂದಿದೆ. 1966ರಲ್ಲಿ ಅಮೆರಿಕದಲ್ಲಿ ರೂಢಿಗೆ ಬಂದ ಮಾದರಿಯ ಪ್ರಕಾರ, ಹಾನಿ ಯಾವ ವರ್ಷ ಆಯಿತೋ ಆ ವರ್ಷದ ಪತ್ರವೇ ಉತ್ತರ ಕೊಡಬೇಕು. ದಾವೆ ಎಂದು ಬಂದರೇನು? 1968ರಲ್ಲಿ ಸೋರಿದ ಪೀಪಾಯಿಯ ವಿಷ 1998ರಲ್ಲಿ ಬಾವಿಯಲ್ಲಿ ಕಂಡರೂ 1968ರ ಪತ್ರಕ್ಕೆ ಇನ್ನೂ ಜೀವವಿದೆ. ಕಂತು ಕಟ್ಟುವುದು ನಿಂತು ಎಷ್ಟು ಕಾಲವಾದರೂ ಅದು ಹಳತಾಗಲಿಲ್ಲ.

ಈ ಮಾತು ಏಕೆ ಮುಖ್ಯವೆಂಬುದು ನಯಾಗರಾ ಜಲಪಾತದ ಊರಿನ ಲವ್ ಕಾಲುವೆಯ ಪ್ರಸಂಗದಿಂದ ತಿಳಿಯುತ್ತದೆ. ಹೂಕರ್ ಎಂಬ ರಾಸಾಯನಿಕ ಸಂಸ್ಥೆ 1942ರಿಂದ 1953ರವರೆಗೆ ಅಲ್ಲಿ ಸುಮಾರು 21,000 ಟನ್ ತ್ಯಾಜ್ಯವನ್ನು ಹೂಳಿ, ಆ ನೆಲವನ್ನು ಒಂದು ಡಾಲರಿಗೆ ಶಾಲಾ ಮಂಡಳಿಗೆ ಕೊಟ್ಟಿತು. ಶಾಲೆ ಎದ್ದಿತು, ಮನೆಗಳು ಎದ್ದವು, ವಿಷವೂ ಎದ್ದಿತು. 1978ರಲ್ಲಿ ತುರ್ತುಸ್ಥಿತಿ ಸಾರಬೇಕಾಯಿತು. 1980ರ ಕೊನೆಗೆ ಬಂದ ಶಾಸನವು ನೆಲ ಕೆಡಿಸಿದವರೇ ಅದನ್ನು ಶುಚಿಮಾಡುವ ವೆಚ್ಚ ಭರಿಸಬೇಕೆಂದಿತು. ಅದೂ ಹಿಂದಿನ ಕಾಲಕ್ಕೆ ಅನ್ವಯವಾಗುವಂತೆ. ಆಗ ಕಾರಖಾನೆಯವರು ಅಟ್ಟ ಹತ್ತಿ ಹಳೆಯ ವಿಮಾಪತ್ರಗಳನ್ನು ಹುಡುಕತೊಡಗಿದರು.

ವಿಮಾ ಸಂಸ್ಥೆಗಳು ಸುಮ್ಮನಿರಲಿಲ್ಲ. 1973ರ ವೇಳೆಗೇ ಅವು ಮಾಲಿನ್ಯವನ್ನು ಹೊರಗಿಡುವ ಒಂದು ವಾಕ್ಯ ಸೇರಿಸಿದ್ದವು: ವಿಷ ಹೊರಬಿದ್ದುದು ಹಠಾತ್ತಾಗಿಯೂ ಆಕಸ್ಮಿಕವಾಗಿಯೂ ಆಗಿದ್ದರೆ ಮಾತ್ರ ರಕ್ಷಣೆ. ಹಠಾತ್ ಎಂದರೆ ಬೇಗನೆಯೋ, ಅನಿರೀಕ್ಷಿತವೋ? ಈ ಒಂದು ಪದಕ್ಕಾಗಿ ಅಮೆರಿಕದ ನ್ಯಾಯಾಲಯಗಳು ವರ್ಷಗಟ್ಟಲೆ ವಾದ ಕೇಳಿದವು. ನಮ್ಮ ವ್ಯಾಕರಣದ ಅಧ್ಯಾಪಕರು ಆ ವಾದಗಳನ್ನು ಕೇಳಿದ್ದರೆ ಸಂತೋಷಪಡುತ್ತಿದ್ದರು. ಆ ವಾಕ್ಯದಿಂದ ರಕ್ಷಣೆ ಕುಗ್ಗುವುದಿಲ್ಲವೆಂದು ವಿಮೆಗಾರರು ಹಿಂದೆ ಸರ್ಕಾರದ ಅಧಿಕಾರಿಗಳನ್ನು ನಂಬಿಸಿದ್ದರು. ಈಗ ಅದರ ಮರೆಹೊಗುವಂತಿಲ್ಲ ಎಂದು 1993ರಲ್ಲಿ ನ್ಯೂಜೆರ್ಸಿಯ ಉಚ್ಚತಮ ನ್ಯಾಯಾಲಯ ತೀರ್ಪಿತ್ತಿತು. ಬೇರೆ ರಾಜ್ಯಗಳಲ್ಲಿ ಬೇರೆ ತೀರ್ಪುಗಳೂ ಬಂದವು. 1986ರಿಂದಾಚೆಗೆ ಸಾಮಾನ್ಯ ಪತ್ರಗಳಿಂದ ಮಾಲಿನ್ಯವನ್ನು ಪೂರ್ತಿ ಹೊರಗಿಟ್ಟುದರಿಂದ, ಅದಕ್ಕೂ ಹಿಂದಿನ ಕಾಗದಗಳಿಗೇ ಬೆಲೆ ಹೆಚ್ಚಿತು. ಇವುಗಳ ಭಾರ ಲಂಡನ್ನಿನ ಲಾಯ್ಡ್ಸ್ ಸಂಸ್ಥೆಗೂ ತಾಗಿ, 1993ಕ್ಕೆ ಹಿಂದಿನ ಹೊಣೆಗಳನ್ನು ಹೊರಲು 1996ರಲ್ಲಿ ಈಕ್ವಿಟಾಸ್ ಎಂಬ ಪ್ರತ್ಯೇಕ ಸಂಸ್ಥೆಯನ್ನೇ ಕಟ್ಟಬೇಕಾಯಿತು.

ಪತ್ರವೇ ಕಳೆದುಹೋಗಿದ್ದರೆ? ಆಗಲೂ ದಾರಿ ಮುಚ್ಚುವುದಿಲ್ಲ. ಕಂತು ಕಟ್ಟಿದ ಲೆಕ್ಕದ ಪುಸ್ತಕ, ರಸೀತಿ, ದಲ್ಲಾಳಿಯ ಪತ್ರವ್ಯವಹಾರ, ಷೇರುದಾರರಿಗೆ ಕಳಿಸಿದ ವಾರ್ಷಿಕ ವರದಿ, ವಿಮೆ ಇರಲೇಬೇಕೆಂದು ಷರತ್ತು ಹಾಕಿದ ಗುತ್ತಿಗೆ ಕರಾರು, ಇವುಗಳಿಂದ ಪತ್ರವಿದ್ದುದನ್ನೂ ಅದರ ಷರತ್ತುಗಳನ್ನೂ ಸಾಧಿಸಬಹುದು. ಈ ಹುಡುಕಾಟವನ್ನೇ ವೃತ್ತಿಯಾಗಿ ಮಾಡಿಕೊಂಡವರಿದ್ದಾರೆ. ಅವರನ್ನು ವಿಮೆಯ ಪುರಾತತ್ತ್ವಜ್ಞರೆಂದು ಕರೆಯುತ್ತಾರೆ. ಆದರೆ ತಿಳಿದೂ ತಿಳಿದೂ ವಿಷ ಸುರಿದವನಿಗೆ ಯಾವ ಪತ್ರವೂ ಆಸರೆಯಾಗದು. ಹಿಂದಿನ ಕಾಲದ ರಕ್ಷಣೆಯ ಮೊತ್ತವೂ ಇಂದಿನ ವೆಚ್ಚದ ಮುಂದೆ ಅಲ್ಪವಾಗುವುದುಂಟು.

ನಮ್ಮ ದೇಶದ ಸಂಗತಿ ಬೇರೆ. ಮಲಿನಗೊಳಿಸಿದವನೇ ತೆರಬೇಕೆಂಬ ತತ್ತ್ವವನ್ನು ಸುಪ್ರೀಂ ಕೋರ್ಟು 1996ರಲ್ಲಿ ರಾಜಸ್ಥಾನದ ಬಿಛಡಿ ಪ್ರಕರಣದಲ್ಲಿ ಎತ್ತಿಹಿಡಿಯಿತು. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಶಾಸನವು ಅಪಘಾತಕ್ಕೆ ಸಿಕ್ಕಿದವರಿಗೆ ಬೇಗ ಪರಿಹಾರ ದೊರಕಲೆಂದು ಹುಟ್ಟಿದ್ದು. ದಶಕಗಳಿಂದ ಕೆಟ್ಟ ನೆಲವನ್ನು ತೊಳೆಯಲೆಂದು ಬರೆದುದಲ್ಲ. ಅದಕ್ಕೂ ಹಿಂದಿನ ವಿಮಾಪತ್ರಗಳನ್ನು ಹುಡುಕುವವನು ಒಂದು ಮಾತನ್ನು ನೆನಪಿಡಬೇಕು. 1973ರ ಜನವರಿ 1ರಂದು ಸಾಮಾನ್ಯ ವಿಮೆ ರಾಷ್ಟ್ರೀಕರಣವಾಗಿ 107 ವಿಮಾ ಸಂಸ್ಥೆಗಳು ನಾಲ್ಕು ಕಂಪನಿಗಳೊಳಗೆ ಸೇರಿಹೋದವು. ಹಳೆಯ ಹೆಸರು ಮಾಯವಾದರೂ ವಾರಸುದಾರರು ಇದ್ದಾರೆ.

ಕರ್ನಾಟಕದಲ್ಲಿ ಈ ಪ್ರಶ್ನೆ ಕಣ್ಣಿಗೆ ಹೊಡೆಯುವಂತೆ ನಿಂತಿರುವುದು ಕೋಲಾರದ ಚಿನ್ನದ ಗಣಿಯಲ್ಲಿ. ಜಾನ್ ಟೇಲರ್ ಮನೆತನದ ಸಂಸ್ಥೆ 1880ರಿಂದ ಅಲ್ಲಿ ಗಣಿಗಳನ್ನು ನಡೆಸಿತು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ ಅವುಗಳನ್ನು ವಹಿಸಿಕೊಂಡವು. 2001ರಲ್ಲಿ ಗಣಿ ಮುಚ್ಚಿತು. ಅದಿರನ್ನು ಅರೆದು ಸೈನೈಡಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿ 13 ದಿಬ್ಬಗಳಾಗಿ ಸಾವಿರ ಎಕರೆಯ ಮೇಲೆ ಬಿದ್ದಿದೆ. ಸುಮಾರು 3 ಕೋಟಿ 30 ಲಕ್ಷ ಟನ್. ಊರಿನವರಿಗೆ ಅವು ಸೈನೈಡ್ ದಿಬ್ಬಗಳು. ಗಾಳಿಗಾಲದಲ್ಲಿ ಅದರ ಧೂಳು ಅಡಿಗೆಮನೆಯವರೆಗೂ ಬರುತ್ತದೆ. ಆ ಪುಡಿಯಲ್ಲಿ ಉಳಿದಿರುವ ಚಿನ್ನಕ್ಕಾಗಿ ಅದನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. 2025ರ ಮಲಿನ ಸ್ಥಳಗಳ ನಿಯಮಗಳಾದರೋ ಗಣಿಗಾರಿಕೆಯ ಮಾಲಿನ್ಯವನ್ನು ಸಾಮಾನ್ಯವಾಗಿ ಹೊರಗಿಟ್ಟಿವೆ.

ಹಾಗಾದರೆ ಆ ಧೂಳಿಗೆ ಹಣ ತೆರುವವರಾರು? 1956ರಿಂದೀಚೆಗಿನ ಮಾಲೀಕ ಸರ್ಕಾರವೇ ಆದುದರಿಂದ ಬಹುಭಾಗ ಬೊಕ್ಕಸದ ಮೇಲೆಯೇ ಬೀಳುವುದೆಂದು ನನಗೆ ತೋರುತ್ತದೆ. ಅದಕ್ಕೂ ಹಿಂದಿನ 76 ವರ್ಷಗಳ ಲಾಭ ಲಂಡನ್ನಿನ ಷೇರುದಾರರಿಗೆ ಹೋಯಿತು. ಆ ಕಾಲದ ಪಾಲನ್ನು ಕೇಳಹೊರಡುವವನು ಮೊದಲು ಕೇಳಬೇಕಾದುದು ಕಂಪನಿಗಳ ವಾರ್ಷಿಕ ವರದಿಗಳನ್ನೂ, 1956ರ ಹಸ್ತಾಂತರದ ಕಡತವನ್ನೂ, ಅದರಲ್ಲಿ ಹೊಣೆಗಳನ್ನು ಯಾರು ವಹಿಸಿಕೊಂಡರೆಂದು ಬರೆದಿರುವ ಪುಟವನ್ನೂ.