ಕಾಣದುದನ್ನು ಕಂಡಂತೆ ತೋರುವ ಮೆದುಳು

ಕಣ್ಣು ಕ್ಯಾಮೆರಾದಂತೆ ಎಂಬ ಹೋಲಿಕೆಯನ್ನು ಶಾಲೆಯಲ್ಲಿ ಓದದವರು ವಿರಳ. ಮುಂದೆ ಮಸೂರ, ಹಿಂದೆ ಫಿಲ್ಮಿನ ಸ್ಥಾನದಲ್ಲಿ ಅಕ್ಷಿಪಟಲ. ಅಷ್ಟರಮಟ್ಟಿಗೆ ಹೋಲಿಕೆ ಸರಿಯೇ. ಆದರೆ ಫಿಲ್ಮಿನಲ್ಲಿ ತೂತು ಬಿದ್ದರೆ ಚಿತ್ರದಲ್ಲಿಯೂ ತೂತು ಕಾಣುತ್ತದೆ. ಅಕ್ಷಿಪಟಲದಲ್ಲಿ ಹುಟ್ಟಿನಿಂದಲೇ ಇರುವ ಒಂದು ತೂತು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಗೆರೆಯಿರುವ ಬಿಳಿಯ ಹಾಳೆಯೊಂದರಲ್ಲಿ ಎಡಕ್ಕೆ ಗುಣಾಕಾರದ ಚಿಹ್ನೆಯನ್ನೂ, ಅದೇ ಗೆರೆಯ ಮೇಲೆ 8 ಸೆಂಟಿಮೀಟರ್ ಬಲಕ್ಕೆ ಉದ್ದಿನ ಕಾಳಿನಷ್ಟು ಕಪ್ಪು ಚುಕ್ಕೆಯನ್ನೂ ಬರೆಯಬೇಕು. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಚಿಹ್ನೆಯ ಮೇಲೆಯೇ ನೆಟ್ಟು, ಹಾಳೆಯನ್ನು ತೋಳಿನಳತೆಯಿಂದ ಮೆಲ್ಲನೆ ಹತ್ತಿರಕ್ಕೆ ತರಬೇಕು. ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಚುಕ್ಕೆ ಮಾಯವಾಗುತ್ತದೆ. ಸೋಜಿಗವೆಂದರೆ, ಅಲ್ಲಿ ಕಪ್ಪು ಕುಳಿಯೇನೂ ಕಾಣದು. ಬಿಳಿಯ ಕಾಗದವೂ ಅದರ ಮೇಲೆ ತುಂಡಾಗದೆ ಸಾಗಿದ ಗೆರೆಯೂ ಕಾಣುತ್ತವೆ. ಈ ಅಂಧಬಿಂದುವನ್ನು 17ನೆಯ ಶತಮಾನದಲ್ಲಿ ಮೊದಲು ಕಂಡುಹಿಡಿದವನು ಫ್ರಾನ್ಸಿನ ಎಡ್ಮೆ ಮಾರಿಯೋಟ್.

ಅಕ್ಷಿಪಟಲದ ಸಂದೇಶಗಳನ್ನು ಹೊತ್ತ ಸುಮಾರು 10 ಲಕ್ಷ ನರತಂತುಗಳು ಒಂದೆಡೆ ಕಟ್ಟುಗೂಡಿ ಕಣ್ಣಿನಿಂದ ಹೊರಬೀಳುತ್ತವೆ. ಆ ಬಾಗಿಲಿನಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಿಗೆ ಎಡೆಯಿಲ್ಲ. ತಂತುಗಳ ಸಂದೇಶ ಕೊನೆಗೆ ತಲುಪುವುದು ತಲೆಯ ಹಿಂಭಾಗದ ಮೆದುಳಿಗೆ. ಅಲ್ಲಿ ಆಗುವುದು ಬರಿಯ ನಕಲಲ್ಲ, ಊಹೆಯ ಕೆಲಸ: ಸುತ್ತಲಿನ ಬಣ್ಣ, ಗೆರೆಗಳನ್ನು ಆಧರಿಸಿ ಮೆದುಳು ಖಾಲಿಯನ್ನು ತುಂಬುತ್ತದೆ. ಇನ್ನೊಂದು ಕಣ್ಣು ತೆರೆದಿದ್ದರಂತೂ ಅದು ಕಂಡುದೇ ಸಾಕಾಗುತ್ತದೆ.

ಈ ಜಾಣತನವೇ ಒಂದು ರೋಗಕ್ಕೆ ಮರೆಯಾಗಿ ನಿಲ್ಲುತ್ತದೆ. ಗ್ಲಾಕೋಮ ಎಂಬ ಆ ರೋಗವನ್ನು ಮುಂಬಯಿ, ಪುಣೆಗಳಲ್ಲಿ ನೆರೆಹೊರೆಯವರು ‘ಕಾಚಬಿಂದು’ ಎನ್ನುತ್ತಾರೆ, ದೆಹಲಿಯಲ್ಲಿ ‘ಕಾಲಾ ಮೋತಿಯಾ’. ಹೆಸರಿನ ಸಾಮ್ಯದಿಂದ ಇದನ್ನೂ ಮೋತಿಬಿಂದುವೆಂದು, ಅಂದರೆ ಕಣ್ಣಿನ ಪೊರೆಯೆಂದು ಭಾವಿಸಿ, ‘ಬಲಿತ ಮೇಲೆ ತೆಗೆಸಿದರಾಯಿತು’ ಎಂದು ಕುಳಿತವರುಂಟು. ಪೊರೆ ತೆಗೆದರೆ ದೃಷ್ಟಿ ಮರಳೀತು; ಇಲ್ಲಿ ಸಾಯುವುದು ನರತಂತುಗಳು, ಅವು ಮತ್ತೆ ಹುಟ್ಟುವುದಿಲ್ಲ.

ಕಣ್ಣಿನೊಳಗೆ ಸದಾ ಉತ್ಪತ್ತಿಯಾಗುವ ದ್ರವವು ಸರಾಗವಾಗಿ ಹೊರಹರಿಯದಿದ್ದರೆ ಒತ್ತಡ ಏರಿ ನರವನ್ನು ನವೆಯಿಸುತ್ತದೆ. ಒತ್ತಡ ಸಹಜವಾಗಿದ್ದೂ ನರ ಸವೆಯುವ ಬಗೆಯೂ ಇದೆ. ಸಾಮಾನ್ಯವಾಗಿ ಮೊದಲು ನಶಿಸುವುದು ಬದಿಯ ನೋಟ. ನೋವಿಲ್ಲ, ಕೆಂಪಿಲ್ಲ, ಕತ್ತಲೆಯ ತೇಪೆಯೂ ಇಲ್ಲ. ರೈಲು ನಿಲ್ದಾಣದ ಮೆಟ್ಟಿಲಲ್ಲಿ ಕಾಲು ತಪ್ಪುತ್ತದೆ, ಪಕ್ಕದಿಂದ ಬಂದವರಿಗೆ ಭುಜ ತಾಗುತ್ತದೆ, ದೋಷವೆಲ್ಲ ಜನಜಂಗುಳಿಯದು! ಕನ್ನಡಕದ ಅಂಗಡಿಯಲ್ಲಿ ಕೊನೆಯ ಸಾಲನ್ನು ನಿರರ್ಗಳವಾಗಿ ಓದಿದೆನೆಂಬ ಧೈರ್ಯವೂ ಹುಸಿಯೇ. ಅಕ್ಷರ ಓದುವುದು ಅಕ್ಷಿಪಟಲದ ನಡುಭಾಗ. ಅದು ಬಹುಕಾಲ ಉಳಿದಿರುತ್ತದೆ.

ಅಪರೂಪಕ್ಕೆ ಒತ್ತಡ ಹಠಾತ್ತನೆ ಏರುವುದುಂಟು. ಆಗ ಕಣ್ಣು ಕೆಂಪಾಗಿ, ತಲೆ ಸಿಡಿದು, ದೀಪದ ಸುತ್ತ ಬಣ್ಣದ ಬಳೆ ಕಂಡು, ವಾಂತಿಯಾಗುತ್ತದೆ. ಪಿತ್ತವೆಂದು ಜೀರಿಗೆ ಕಷಾಯ ಕುಡಿದು ಮಲಗದೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಧಾವಿಸಬೇಕು.

ನಲವತ್ತು ದಾಟಿದವರು, ಅದರಲ್ಲಿಯೂ ತಂದೆತಾಯಿಗಳಿಗೋ ಒಡಹುಟ್ಟಿದವರಿಗೋ ಈ ರೋಗವಿರುವವರು, ನೇತ್ರವೈದ್ಯರಿಂದ ಒತ್ತಡವನ್ನಷ್ಟೇ ಅಲ್ಲದೆ ನರವನ್ನೂ ಪರೀಕ್ಷಿಸಿಕೊಳ್ಳಬೇಕು. ಊರಿನಲ್ಲಿ ಉಳಿದ ಅಣ್ಣತಮ್ಮಂದಿರಿಗೆ ಒಂದು ಮಾತು ತಿಳಿಸುವುದೂ ಅವಶ್ಯ. ವೈದ್ಯರನ್ನು ಕೇಳದೆ ಸ್ಟೀರಾಯ್ಡ್ ಹನಿಗಳನ್ನು ತಿಂಗಳುಗಟ್ಟಲೆ ಹಾಕಿಕೊಳ್ಳುವವರು ಈ ರೋಗವನ್ನು ತಾವೇ ಆಹ್ವಾನಿಸಿಕೊಳ್ಳಬಹುದು. ಚಿಕಿತ್ಸೆಯ ಹನಿಗಳಾದರೋ ಹೋದುದನ್ನು ತರಲಾರವು, ಇರುವುದನ್ನು ಕಾಯಬಲ್ಲವು. ಆದುದರಿಂದ ಅವನ್ನು ಪ್ರಾಯಶಃ ಜೀವನಪರ್ಯಂತ ಹಾಕಿಕೊಳ್ಳಬೇಕಾಗುತ್ತದೆ.

ದೃಷ್ಟಿಕ್ಷೇತ್ರದ ಪರೀಕ್ಷೆಯಲ್ಲಿ ರೋಗಿ ಒಂದು ಕಣ್ಣು ಮುಚ್ಚಿ ಬಟ್ಟಲಿನಂಥ ಯಂತ್ರದೊಳಗೆ ನೋಡುತ್ತ, ಬೆಳಕಿನ ಚುಕ್ಕೆ ಮಿನುಗಿದಾಗಲೆಲ್ಲ ಗುಂಡಿಯೊತ್ತುತ್ತಾನೆ. ಕಾಣದೆ ಬಿಟ್ಟ ಚುಕ್ಕೆಗಳ ಜಾಗ ಕಾಗದದಲ್ಲಿ ಕಪ್ಪಾಗಿ ಅಚ್ಚಾಗಿ ಬರುತ್ತದೆ. ತನ್ನ ನೋಟದಲ್ಲಿನ ತೂತನ್ನು ಅವನು ಮೊದಲ ಬಾರಿಗೆ ಕಾಣುವುದು ಆ ಕಾಗದದ ಮೇಲೆ.