ಓದೋಕಾಗದ ಅಕ್ಷರದ ಜಗಳ

1970ರ ದಶಕದ ನ್ಯೂಯಾರ್ಕ್. ರಾತ್ರಿ ಯಾರ್ಡ್‌ನಲ್ಲಿ ನಿಂತ ಸಬ್‌ವೇ ರೈಲುಗಳ ಮೇಲೆ ಹುಡುಗರು ಕದ್ದುಮುಚ್ಚಿ ತಮ್ಮ ಹೆಸರು ಸ್ಪ್ರೇ ಮಾಡ್ತಿದ್ರು. ಮೊದಮೊದಲು ಬರೀ ಸಹಿ. ಎಲ್ಲರೂ ಬರೆಯೋಕೆ ಶುರು ಮಾಡಿದ ಮೇಲೆ ಎದ್ದು ಕಾಣೋದು ಹೇಗೆ? ಅಕ್ಷರ ಉಬ್ಬಿತು, ತಿರುಚಿಕೊಂಡಿತು, ಒಂದರೊಳಗೊಂದು ಹೆಣೆದುಕೊಂಡಿತು, ತುದಿಗೆ ಬಾಣ ಬಂತು. ಇದೇ ವೈಲ್ಡ್ ಸ್ಟೈಲ್. ಹೊರಗಿನವರಿಗೆ ಓದೋಕೇ ಆಗಲ್ಲ.

ಕ್ವೀನ್ಸ್‌ನ ಫಾರ್ ರಾಕ್‌ವೇಯಲ್ಲಿ 1960ರಲ್ಲಿ ಹುಟ್ಟಿದ ರಾಮೆಲ್‌ಜೀ ಇದನ್ನ ಯುದ್ಧ ಅಂದ. ಆಳುವವರು ಅಕ್ಷರವನ್ನ ಸೆರೆಯಲ್ಲಿಟ್ಟಿದ್ದಾರೆ, ಅದಕ್ಕೆ ಶಸ್ತ್ರ ತೊಡಿಸಿ ಬಿಡಿಸಬೇಕು ಅನ್ನೋದು ಅವನ ವಾದ. ಮಧ್ಯಯುಗದ ಯುರೋಪಿನ ಸನ್ಯಾಸಿಗಳು ಹಸ್ತಪ್ರತಿಯ ಅಕ್ಷರಗಳನ್ನ ಅಲಂಕರಿಸಿ ಅಲಂಕರಿಸಿ ಓದೋಕಾಗದ ಹಾಗೆ ಮಾಡಿದ್ರು, ನಾವು ಆ ಕೆಲಸ ಮುಂದುವರಿಸಿದವರು ಅಂತಿದ್ದ. ಇದಕ್ಕಿಟ್ಟ ಹೆಸರು ಗೋಥಿಕ್ ಫ್ಯೂಚರಿಸಂ. ಚರಿತ್ರೆ ಅಂತ ನೋಡಿದ್ರೆ ಸ್ವಲ್ಪ ಜಾಸ್ತಿನೇ ಆಯ್ತು. ಆದ್ರೆ ಫೋನಲ್ಲೇ 'ಬುಕ್ ಆಫ್ ಕೆಲ್ಸ್'ನ ಪುಟಗಳನ್ನ ಝೂಮ್ ಮಾಡಿ ನೋಡಿ. ಅವನ ಮಾತನ್ನ ತಳ್ಳಿಹಾಕೋಕೆ ನನಗಂತೂ ಆಗ್ಲಿಲ್ಲ.

ಕ್ಯಾನ್ವಾಸಿಗೆ ಬಂದ ಮೇಲೂ ಸುಮ್ನಿರಲಿಲ್ಲ. ಸ್ಕೇಟ್‌ಬೋರ್ಡಿನ ಮೇಲೆ ಬೀದೀಲಿ ಸಿಕ್ಕ ಗುಜರಿ ಜೋಡಿಸಿ, ಒಂದೊಂದು ಅಕ್ಷರವನ್ನೂ ಯುದ್ಧದ ವಾಹನದ ಹಾಗೆ ಕಟ್ಟಿದ: 'ಲೆಟರ್ ರೇಸರ್ಸ್'. 1983ರ 'ಬೀಟ್ ಬಾಪ್' ರೆಕಾರ್ಡಿನಲ್ಲಿ ಕೆ-ರಾಬ್ ಜೊತೆ ರ್‍ಯಾಪ್ ಮಾಡಿದ್ದೂ ಇವನೇ. ಕವರ್ ಚಿತ್ರ ಬಾಸ್ಕಿಯಾದು.

1989ರಲ್ಲಿ ಬಣ್ಣ ಬಳಿದ ಕೊನೆಯ ರೈಲನ್ನೂ ಸೇವೆಯಿಂದ ತೆಗೆದ್ರು. 2010ರಲ್ಲಿ ರಾಮೆಲ್‌ಜೀ ತೀರಿಕೊಂಡ. ಅವನ ಕ್ಯಾನ್ವಾಸುಗಳು ಮ್ಯೂಸಿಯಂಗಳಲ್ಲಿವೆ. ರೈಲಿನ ಮೇಲಿನ ಅಕ್ಷರಗಳನ್ನ ನೋಡ್ಬೇಕಂದ್ರೆ ಮಾರ್ಥಾ ಕೂಪರ್, ಹೆನ್ರಿ ಶಾಲ್ಫಂಟ್ ಅಂಥವರು ಆಗ ತೆಗೆದ ಫೋಟೋಗಳೇ ಗತಿ.