ಬಾಣಂತಿಯ ರಕ್ತಸ್ರಾವ: ಕಣ್ಣಳತೆಯನ್ನು ನಂಬದಿರೋಣ

ಹಲವು ವರ್ಷಗಳ ಹಿಂದೆ, ಒಂದೇ ಮನೆಯ ಶಿಶುವಿಗೆ ಜ್ಞಾನಸ್ನಾನವನ್ನೂ ಅದರ ತಾಯಿಗೆ ಅಂತ್ಯಸಂಸ್ಕಾರವನ್ನೂ ನಾವು ಒಂದೇ ವಾರದಲ್ಲಿ ನೆರವೇರಿಸಬೇಕಾಯಿತು. ಹೆರಿಗೆ ಮನೆಯಲ್ಲೇ ಆಗಿತ್ತು. ರಕ್ತ ಹೋಗುತ್ತಿದ್ದುದನ್ನು ಎಲ್ಲರೂ ಕಂಡಿದ್ದರು. "ಹೆತ್ತವಳಿಗೆ ಇದು ಸಹಜವಲ್ಲವೇ ಫಾದರ್?" ಎಂದು ಅತ್ತೆಯವರು ಅಳುತ್ತ ಕೇಳಿದರು. ಕಂಡರೂ ಅರಿಯಲಿಲ್ಲವೆಂಬುದೇ ಆ ಮನೆಯ ದುಃಖ.

ಹೆರಿಗೆಯ ನಂತರ ಕೊಂಚ ರಕ್ತ ಹೋಗುವುದು ಸಹಜವೇ. ಮಾಸು ಕಳಚಿದೊಡನೆ ಗರ್ಭಕೋಶವು ಬಿಗಿಯಾಗಿ ಸಂಕುಚಿಸಿ ರಕ್ತನಾಳಗಳನ್ನು ಹಿಂಡಿ ಮುಚ್ಚುತ್ತದೆ. ಅದು ಸಡಿಲವಾಗಿಯೇ ಉಳಿದರೆ ರಕ್ತ ನಿಲ್ಲದು. ಅಧಿಕ ರಕ್ತಸ್ರಾವಕ್ಕೆ ಇದೇ ಪ್ರಮುಖ ಕಾರಣ. ಮಾಸಿನ ತುಣುಕು ಒಳಗುಳಿಯುವುದು, ಜನನಮಾರ್ಗದಲ್ಲಿ ಗಾಯವಾಗುವುದು, ರಕ್ತ ಹೆಪ್ಪುಗಟ್ಟದಿರುವುದು ಇತರ ಕಾರಣಗಳು. 500 ಮಿ.ಲೀ. ತಲುಪಿದರೆ ಅಪಾಯವೆಂಬುದು ಬಹುಕಾಲದ ನಿಯಮ. 300 ಮಿ.ಲೀ. ಆದಾಗಲೇ ನಾಡಿ, ರಕ್ತದೊತ್ತಡಗಳಲ್ಲಿ ಏರುಪೇರು ಕಂಡರೆ ಚಿಕಿತ್ಸೆ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಸೂಚಿಸಿದೆ.

ಆದರೆ ಹಾಸಿಗೆಗೆ ಇಂಗಿದ ರಕ್ತವನ್ನು ಅಳೆಯುವುದೆಂತು? ಇಂದ್ರಿಯಗಳು ವಂಚಿಸಬಲ್ಲವೆಂದು ತತ್ತ್ವಶಾಸ್ತ್ರದ ತರಗತಿಯಲ್ಲಿ ನಾವು ಕಲಿತಿದ್ದೆವು. ವೈದ್ಯರ ಅನುಭವವೂ ಅದೇ. ನಮ್ಮ ಬೆಳಗಾವಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಳತೆಯ ಗೆರೆಗಳುಳ್ಳ ಪ್ಲಾಸ್ಟಿಕ್ ಹಾಳೆಯಲ್ಲಿ ಸಂಗ್ರಹಿಸಿದ ರಕ್ತಕ್ಕಿಂತ ಕಣ್ಣಂದಾಜು ಸುಮಾರು ಮೂರನೇ ಒಂದು ಪಾಲು ಕಡಿಮೆಯಿತ್ತು. ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರೂಢಿಯ ಕ್ರಮದಲ್ಲಿ ಅಧಿಕ ಸ್ರಾವದ 100 ಪ್ರಕರಣಗಳಲ್ಲಿ 51 ಮಾತ್ರ ಪತ್ತೆಯಾದವು; ಅಳತೆಯ ಹಾಳೆ ಬಳಸಿದಲ್ಲಿ 93. ಅಳತೆಯೊಡನೆ ಚಿಕಿತ್ಸೆಗಳೆಲ್ಲವನ್ನೂ ಒಟ್ಟಿಗೆ, ತಡಮಾಡದೆ ನೀಡಿದ್ದರಿಂದ ತೀವ್ರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮಗಳು ಶೇ. 60ರಷ್ಟು ಇಳಿದವು.

ಮನೆಯವರಾದ ನಾವು ಲಕ್ಷಣಗಳನ್ನಾದರೂ ಅರಿತಿರಬೇಕು. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆಯುವುದು, ದೊಡ್ಡ ರಕ್ತದ ಗಡ್ಡೆಗಳು, ತಲೆಸುತ್ತು, ಬಿಳಿಚಿದ ಮುಖ, ತಣ್ಣನೆಯ ಬೆವರು, ವೇಗದ ನಾಡಿ: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆಮಾಡಿರಿ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ, 12 ವಾರಗಳವರೆಗೂ ಈ ಎಚ್ಚರ ಬೇಕು. ವಾಹನ ಬರುವ ತನಕ ಬಾಣಂತಿಯನ್ನು ಮಲಗಿಸಿ ಬೆಚ್ಚಗೆ ಹೊದಿಸಿರಿ; ಮಗುವಿಗೆ ಹಾಲೂಡಿಸಲಿ, ಅದರಿಂದ ಗರ್ಭಕೋಶ ಬಿಗಿಯುತ್ತದೆ. ಹೆರಿಗೆ ಈಗಷ್ಟೇ ಆಗಿದ್ದರೆ, ಮಾಸು ಬಿದ್ದ ಮೇಲೆ ಹೊಕ್ಕಳಿನ ಕೆಳಭಾಗವನ್ನು ಅದು ಗಟ್ಟಿಯಾಗುವ ತನಕ ತಿಕ್ಕಿರಿ. ಹೊಕ್ಕಳುಬಳ್ಳಿಯನ್ನು ಎಳೆಯಲೇಬೇಡಿ. ರಕ್ತ ನಿಲ್ಲಿಸಲು ಆಸ್ಪತ್ರೆಯಲ್ಲಿ ಕೊಡುವ ಟ್ರಾನೆಕ್ಸಾಮಿಕ್ ಆಮ್ಲವು ಹೆರಿಗೆಯಾದ 3 ಗಂಟೆಯೊಳಗೆ ದೊರೆತರೆ ಮಾತ್ರ ಫಲಕಾರಿ.

ಗರ್ಭಿಣಿಯಿರುವ ಪ್ರತಿ ಕುಟುಂಬವೂ ರಕ್ತಹೀನತೆಯ ಪರೀಕ್ಷೆ ಮಾಡಿಸಲಿ, ರಕ್ತದ ಗುಂಪು ತಿಳಿದಿರಲಿ, ರಕ್ತ ಕೊಡುವವರನ್ನು ಮೊದಲೇ ಗೊತ್ತುಮಾಡಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಔಷಧ, ರಕ್ತ, ವಾಹನ ಎಲ್ಲವೂ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಹಣದ ಚಿಂತೆಯಿಂದ ಯಾರೂ ತಡಮಾಡಬೇಕಾಗಿಲ್ಲ. "ಇದು ಸಹಜ" ಎಂಬ ತೀರ್ಪನ್ನು ನಾವು ಕೊಡದೆ ದಾದಿಗೆ, ವೈದ್ಯರಿಗೆ ಬಿಡೋಣ.